ಆರನೇ ಕ್ಲಾಸಿಗೇ ಮೊಡವೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 11 ವರ್ಷ, ಇನ್ನೂ ದೊಡ್ಡವಳಾಗಿಲ್ಲ. ಹಣೆ, ಮೂಗಿನ ಮೇಲೆ ಸಣ್ಣ ಗುಳ್ಳೆ ಬಂತು. ಮೆಡಿಕಲ್‌ನಲ್ಲಿ ಕೇಳಿ ಒಂದು ಟ್ಯೂಬ್ ತಂದೆವು. ಒಂದು ವಾರದಲ್ಲೇ ಮುಖ ಬೆಳ್ಳಗೆ, ನುಣುಪಾಯಿತು. ಎರಡು ತಿಂಗಳಾಗುವಷ್ಟರಲ್ಲಿ ಕೆನ್ನೆಯೆಲ್ಲ ಕೆಂಪು, ಒಂದೇ ಥರದ ಗುಳ್ಳೆಗಳು. ಹಚ್ಚದಿದ್ದರೆ ಉರಿ ಅಂತಾಳೆ. ಅತ್ತೆ ಬಂಗುಡೆ ಉಷ್ಣ ಅಂತ ಅವಳಿಗೆ ಮೀನು ನಿಲ್ಲಿಸಿದ್ದಾರೆ.
– ಒಬ್ಬ ತಾಯಿ, ಮಲ್ಪೆ

ಉತ್ತರ: ಮೊದಲು ಆ ಟ್ಯೂಬಿನ ಮೇಲೆ ಏನು ಬರೆದಿದೆ ನೋಡಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಇದ್ದರೆ ಅದು ಸ್ಟೀರಾಯ್ಡ್. ನೀವು ಹೇಳಿದ್ದು ಕೇಳಿದರೆ ನನಗೆ ಅದೇ ಅನುಮಾನ. ಮೊದಲು ಕೆಂಪು ಇಳಿಸುತ್ತದೆ, ಆಮೇಲೆ ಚರ್ಮ ತೆಳುವಾಗಿ ಅದೇ ಮೊಡವೆ ಎಬ್ಬಿಸುತ್ತದೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಕೊಡಲೇಬಾರದು, ಆದರೂ ಕೊಡುತ್ತಾರೆ, ನನಗೆ ತುಂಬಾ ಬೇಜಾರಾಗುವುದು ಇಲ್ಲೇ. ಇನ್ನು ಹಚ್ಚಬೇಡಿ, ಟ್ಯೂಬ್ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಿಟ್ಟ ಮೇಲೆ ಕೆಲವು ವಾರ ಮುಖ ಇನ್ನೂ ಕೆಂಪಾಗಬಹುದು. ಆಗ ಹೆದರಿ ಮತ್ತೆ ಅದನ್ನೇ ಹಚ್ಚುವವರೇ ಜಾಸ್ತಿ, ನೀವು ಹಾಗೆ ಮಾಡಬೇಡಿ.

11 ವರ್ಷಕ್ಕೆ ಮೊಡವೆ ಬಂದದ್ದಕ್ಕೆ ಗಾಬರಿ ಬೇಡ. ಮುಟ್ಟು ಶುರುವಾಗುವ ಮೊದಲೇ ಹಾರ್ಮೋನಿನಿಂದ ಚರ್ಮದಲ್ಲಿ ಜಿಡ್ಡು ಹೆಚ್ಚುತ್ತದೆ, ಅದು ಹಣೆ ಮೂಗಿನ ಮೇಲೆ ಮೊದಲು ಕಾಣುತ್ತದೆ. 1ರಿಂದ 7 ವರ್ಷದೊಳಗಿನ ಮಗುವಿಗೆ ಬಂದರೆ ಮಾತ್ರ ತಡಮಾಡದೆ ತೋರಿಸಬೇಕು, ಹಾರ್ಮೋನ್ ಪರೀಕ್ಷೆ ಬೇಕಾಗಬಹುದು.

ತಲೆಗೆ ತೆಂಗಿನೆಣ್ಣೆ ಹಾಕಿಯೇ ಶಾಲೆಗೆ ಕಳಿಸ್ತೀರಲ್ವಾ? ನಮ್ಮ ಸೆಕೆಗೆ ಅದು ಬೆವರಿನ ಜೊತೆ ಹಣೆಗಿಳಿದು ರಂಧ್ರ ಮುಚ್ಚುತ್ತದೆ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿ.

ಕೆಂಪು ಇಳಿದ ಮೇಲೆ ಡಾಕ್ಟರು ಬಹುಶಃ 2.5% ಬೆಂಜೋಯ್ಲ್ ಪೆರಾಕ್ಸೈಡ್ ಅಥವಾ 0.1% ಅಡಾಪಲೀನ್ ಜೆಲ್ ಬರೆಯುತ್ತಾರೆ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು, ಶುರುವಿನಲ್ಲಿ ಒಂದು ದಿನ ಬಿಟ್ಟು ಒಂದು ದಿನ ರಾತ್ರಿ. ಬೆಂಜೋಯ್ಲ್ ತಾಗಿದರೆ ದಿಂಬಿನ ಬಟ್ಟೆ ಬಣ್ಣ ಬಿಡುತ್ತದೆ, ಹಳೇದು ಹಾಕಿ. ಗುಣ ಕಾಣಲು 2-3 ತಿಂಗಳು ಬೇಕು, ಎರಡು ವಾರಕ್ಕೆ ಬಿಟ್ಟರೆ ಪ್ರಯೋಜನವಿಲ್ಲ.

ಮೀನಿನ ವಿಷಯ ಅತ್ತೆಗೆ ನಾನು ಹೇಳಿದೆ ಅಂತಲೇ ಹೇಳಿ, ಬಂಗುಡೆಯದ್ದು ತಪ್ಪಿಲ್ಲ. ಕಡಿಮೆ ಮಾಡುವುದಾದರೆ ಬೇಕರಿ ಸಿಹಿ, ಬಾಟಲಿ ಜ್ಯೂಸ್ ಕಡಿಮೆ ಮಾಡಿ, ಕೆಲವು ಮಕ್ಕಳಿಗೆ ಸ್ವಲ್ಪ ಉಪಯೋಗವಾಗುತ್ತದೆ. ಇವತ್ತೇ ಅವಳ ತಟ್ಟೆಗೆ ಮೀನು ಹಾಕಿ.