ಪ್ರತಿ: ಇಂಡೋನೇಷ್ಯಾದ ರಾಜಕೀಯದಲ್ಲಿ ಧರ್ಮದ ಪಾತ್ರ ಎಷ್ಟು?

ಅಷ್ಟೊಂದು ಮುಸ್ಲಿಮರಿದ್ದೂ ಇಂಡೋನೇಷ್ಯಾ ಯಾಕೆ ಇಸ್ಲಾಮಿಕ್ ರಾಷ್ಟ್ರವಾಗಲಿಲ್ಲ, ಅಲ್ಲಿನ ರಾಜಕೀಯಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ವಾ ಅಂತ ಕೇಳಿದ್ದೀರಿ. ಸಂಬಂಧ ಜಾಸ್ತಿಯೇ ಇದೆ, ಆದರೆ ಕಾನೂನಿನ ಪುಸ್ತಕಕ್ಕಿಂತ ಚುನಾವಣೆಯ ಲೆಕ್ಕಾಚಾರದಲ್ಲಿ ಹೆಚ್ಚು ಕಾಣುತ್ತದೆ.

1945ರ ಜೂನ್‌ನಲ್ಲಿ ತಯಾರಾದ ಸಂವಿಧಾನದ ಪೀಠಿಕೆಯ ಕರಡಿನಲ್ಲಿ ಮುಸ್ಲಿಮರು ಷರೀಯತ್ ಪಾಲಿಸಬೇಕು ಎಂಬ ಮಾತಿತ್ತು. ಪೂರ್ವದ ಕ್ರೈಸ್ತ ಪ್ರದೇಶಗಳು ಒಪ್ಪುವುದಿಲ್ಲ ಎಂದು ಗೊತ್ತಾದಾಗ ಸ್ವಾತಂತ್ರ್ಯ ಹೋರಾಟದ ನಾಯಕ ಮೊಹಮ್ಮದ್ ಹತ್ತಾ ಅವರು ಮುಸ್ಲಿಂ ನಾಯಕರ ಜೊತೆ ಮಾತಾಡಿ, ಆಗಸ್ಟ್ 18ರಂದು ಅದನ್ನು ತೆಗೆಸಿದರು. 'ಒಬ್ಬನೇ ದೇವರಲ್ಲಿ ನಂಬಿಕೆ' ಎಂಬ ತತ್ವ ಮಾತ್ರ ಉಳಿಯಿತು. ಹಾಗಾಗಿ ಅದು ಧರ್ಮರಾಜ್ಯವೂ ಅಲ್ಲ, ಪೂರ್ತಿ ಸೆಕ್ಯುಲರ್ ಕೂಡ ಅಲ್ಲ. ಗುರುತಿನ ಚೀಟಿಯಲ್ಲಿ ಇಂದಿಗೂ ಧರ್ಮದ ಕಾಲಂ ಇದೆ. ಸುಮಾತ್ರಾ ದ್ವೀಪದ 'ಆಚೆ' (Aceh) ಎಂಬ ಪ್ರಾಂತ್ಯದಲ್ಲಂತೂ ಷರೀಯತ್ ಕಾನೂನೇ ಇದೆ, ಅದು ಬೇರೆ ಕಥೆ.

ಅಹೋಕ್ ಪ್ರಕರಣ ನೋಡಿ. ಆಗ ರಾಜಧಾನಿ ಜಕಾರ್ತಾದ ಗವರ್ನರ್, ಚೀನೀ ಮೂಲದ ಕ್ರೈಸ್ತ. 2016ರಲ್ಲಿ ಕುರಾನಿನ ವಚನವೊಂದನ್ನು ಪ್ರಸ್ತಾಪಿಸಿ ಮಾತಾಡಿದ್ದೇ ತಡ, ಲಕ್ಷಾಂತರ ಜನ ಬೀದಿಗಿಳಿದರು. 2017ರ ಏಪ್ರಿಲ್‌ನಲ್ಲಿ ಚುನಾವಣೆ ಸೋತರು, ಮೇ ತಿಂಗಳಲ್ಲಿ ಧರ್ಮನಿಂದನೆಗಾಗಿ ಎರಡು ವರ್ಷ ಜೈಲು.

ಹಿಂದೆ ಜೋಕೋವಿ ಜಕಾರ್ತಾದ ಗವರ್ನರ್ ಆಗಿದ್ದಾಗ ಅಹೋಕ್ ಅವರ ಡೆಪ್ಯುಟಿ ಆಗಿದ್ದವರು. ಆಮೇಲೆ ದೇಶದ ಅಧ್ಯಕ್ಷರಾದ ಅದೇ ಜೋಕೋವಿ 2019ರ ಚುನಾವಣೆಗೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡದ್ದು ಮಾರುಫ್ ಅಮೀನ್ ಅವರನ್ನು. ಅಹೋಕ್ ಮಾತು ಧರ್ಮನಿಂದನೆ ಎಂದಿದ್ದ ಉಲೇಮಾ (ಮುಸ್ಲಿಂ ಧರ್ಮಪಂಡಿತರ) ಮಂಡಳಿಯ ಆಗಿನ ಮುಖ್ಯಸ್ಥರೇ ಇವರು! ಭಕ್ತಿ ಅನ್ನುವುದಕ್ಕಿಂತ, ಎದುರಾಳಿಯ ಬಾಯಿ ಮುಚ್ಚಿಸುವ ಜಾಣತನ ಅಂತ ನನಗನಿಸುತ್ತದೆ. ಗೆದ್ದರು ಕೂಡ.