ಪ್ರತಿಕ್ರಿಯೆ: ಐರ್ಲೆಂಡಿನಲ್ಲಿ 23ರ ವಯಸ್ಸಿನವರಿಗೆ ಹ್ಯಾಪ್ (ಸರ್ಕಾರದ ಬಾಡಿಗೆ ನೆರವು) ಇದ್ದರೂ ವಾರಕ್ಕೆ 153.70 ಯೂರೋ ಯಾಕೆ?

ನಿಮಗೆ 23 ವರ್ಷ, ಹ್ಯಾಪ್ ಇದ್ದರೂ ನಿರುದ್ಯೋಗ ಭತ್ಯೆ ಕಡಿಮೆ ಬರುತ್ತಿದೆ ಯಾಕೆ ಎಂದು ಕೇಳಿದ್ದೀರಿ. ಜಾಬ್‌ಸೀಕರ್ಸ್ ಅಲೊವೆನ್ಸ್ ಎಂಬ ಈ ಭತ್ಯೆಯಲ್ಲಿ 25 ತುಂಬದವರಿಗೆ ಕಡಿಮೆ ದರ. 2025ರಲ್ಲಿ ವಾರಕ್ಕೆ 244ರ ಬದಲು 153.70 ಯೂರೋ. ಬಹುಶಃ ನೀವು ಬಾಡಿಗೆ ಮನೆಯಲ್ಲಿ ಸ್ವತಂತ್ರವಾಗಿ ಇರುವುದು ಕಡತಕ್ಕೆ ಸೇರಿಲ್ಲ. ಹೆತ್ತವರಿಂದ ಬೇರೆಯಿದ್ದು ಹ್ಯಾಪ್‌ನಂಥ ಸರ್ಕಾರಿ ವಸತಿ ನೆರವು ಪಡೆಯುವವರಿಗೆ ಈ ಕಡಿತ ಅನ್ವಯಿಸುವುದಿಲ್ಲ.

ಮೊದಲು ಕೌನ್ಸಿಲ್‌ನಿಂದ ಬಂದ ಹ್ಯಾಪ್ ಪತ್ರ, ಬಾಡಿಗೆ ಕರಾರು ಎರಡನ್ನೂ ತೆಗೆದಿಡಿ. ಎರಡರಲ್ಲೂ ನಿಮ್ಮ ಹೆಸರು, ಒಂದೇ ವಿಳಾಸ ಇದೆಯೇ ನೋಡಿ. ಹೊಂದದಿದ್ದರೆ ಕಡತ ಅಲ್ಲೇ ನಿಲ್ಲಬಹುದು. ಆಮೇಲೆ ಭತ್ಯೆ ನೋಡಿಕೊಳ್ಳುವ ಸರ್ಕಾರಿ ಇಂಟ್ರಿಯೊ ಕಚೇರಿಗೆ ಪ್ರತಿ ಕೊಟ್ಟು, ದರ ಮರುಪರಿಶೀಲಿಸಿ ಎಂದು ಬರಹದಲ್ಲೇ ಕೇಳಿ. ಬಾಯಿಮಾತಿಗೆ ದಾಖಲೆ ಉಳಿಯುವುದಿಲ್ಲ. ಹ್ಯಾಪ್ ಶುರುವಾದ ದಿನಾಂಕ ಖಂಡಿತ ಬರೆಯಿರಿ, ಬಾಕಿ ಕೇಳಲು ಅದೇ ಆಧಾರ. ಹಿಂದಿನ ವಾರಗಳದ್ದು ಪೂರ್ತಿ ಸಿಗುತ್ತದೆಂದು ಖಚಿತವಾಗಿ ಹೇಳಲಾರೆ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಮೇಲ್ಮನವಿಯ ಗಡುವು ಅದರಲ್ಲೇ ಇರುತ್ತದೆ.