ಅಜ್ಜಿಯೂ ಮೊಮ್ಮಗನೂ ಕೂಡಿ ಆಡಲು ಹೌಸಿ

ಕ್ರಿಸ್ಮಸ್ ದಿನ ಊಟವಾದ ಮೇಲೆ ಅಜ್ಜಿಯಿಂದ ಆರು ವರ್ಷದ ಮೊಮ್ಮಗನವರೆಗೆ ಎಲ್ಲರೂ ಸೇರಿ ಆಡುವ ಆಟ ಯಾವುದು ಎಂದು ಕೇಳಿದ್ದೀರಿ. ಮಂಗಳೂರಿನ ಕಡೆಯವಳಾಗಿ ನನ್ನ ಉತ್ತರ ಹೌಸಿ. ಹಲವರು ತಂಬೋಲಾ ಎನ್ನುವುದು ಇದನ್ನೇ. ಪ್ರತಿಯೊಬ್ಬರ ಚೀಟಿಯಲ್ಲಿ 3 ಸಾಲು, ಸಾಲಿಗೆ 5ರಂತೆ 15 ಅಂಕಿ. 1ರಿಂದ 90ರವರೆಗಿನ ಅಂಕಿಗಳನ್ನು ಒಂದೊಂದಾಗಿ ಎತ್ತಿ ಕೂಗಬೇಕು. ಕೂಗುವ ಕೆಲಸವನ್ನು ಅಜ್ಜಿಗೇ ಕೊಡಿ, ದಯವಿಟ್ಟು ಅವರನ್ನು ಮೂಲೆಯಲ್ಲಿ ಕೂರಿಸಬೇಡಿ. ಕೂಗಿದ ಅಂಕಿ ಚೀಟಿಯಲ್ಲಿದ್ದರೆ ಪೆನ್ನಿನಿಂದ ಗೀಟು ಹಾಕುವ ಬದಲು ಅದರ ಮೇಲೆ ಹುಣಸೆ ಬೀಜ ಇಡಿಸಿ. ಅದೇ ಚೀಟಿಯಲ್ಲಿ ಮತ್ತೆ ಆಡಬಹುದು, ಪುಟ್ಟ ಕೈಗಳಿಗೂ ಕೆಲಸ ಸಿಗುತ್ತದೆ. ಹುಡುಗ ದೊಡ್ಡ ಅಂಕಿಗಳಿಗೆ ತಡವರಿಸಿದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತರಾಯಿತು. ಯಾವುದಾದರೂ ಐದು ಅಂಕಿ ಮೊದಲು ತುಂಬಿದವರಿಗೆ, ಪ್ರತಿ ಸಾಲಿಗೆ, ಕೊನೆಗೆ ಫುಲ್ ಹೌಸ್‌ಗೆ, ಅಂದರೆ ಇಡೀ ಚೀಟಿ ತುಂಬಿದ್ದಕ್ಕೆ, ಬಹುಮಾನ. ಹಣ ಖಂಡಿತ ಬೇಡ. ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್‌ನಂತಹ ನಮ್ಮ ಕಡೆಯ ಕ್ರಿಸ್ಮಸ್ ತಿಂಡಿ ಕಟ್ಟಿದ ಪೊಟ್ಟಣಗಳಿರಲಿ.

ಮಕ್ಕಳಿಗೆ ಕುಳಿತು ಬೇಸರ ಬಂದರೆ ಪಾರ್ಸೆಲ್ ಆಟ ಆಡಿಸಿ. ಉಡುಗೊರೆಯೊಂದಕ್ಕೆ ಹಳೆಯ ಪತ್ರಿಕೆಗಳನ್ನು ಪದರ ಪದರವಾಗಿ ಸುತ್ತಿ, ನಡುನಡುವೆ ‘ಮಾವನ ಹಾಗೆ ನಡೆದು ತೋರಿಸಿ’ ಎಂಬಂತಹ ಚೀಟಿಗಳನ್ನು ಇಡಿ. ಹಾಡು ಹಾಕಿ ಅದನ್ನು ಕೈಯಿಂದ ಕೈಗೆ ದಾಟಿಸಿ. ಹಾಡು ನಿಂತಾಗ ಪಾರ್ಸೆಲ್ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚಿ, ಚೀಟಿಯಲ್ಲಿದ್ದುದನ್ನು ಮಾಡಬೇಕು. ಹಾಡು ನಿಲ್ಲಿಸುವವರು ಬೆನ್ನು ತಿರುಗಿಸಿ ಕುಳಿತಿರಲಿ, ಆಗ ಜಗಳವಿಲ್ಲ.